ಒಡೆಯರ ಎಂಜಿನ್, ಕೇರಿಯ ಬಾವಿ

ಹಾರವಾಡದ ಕಡಲಂಚಿನ ಕೇರಿಗೆ ಕುಡಿಯುವ ನೀರಿನ ಬಾವಿ ಇದ್ದದ್ದು ಒಂದೇ. ಅದನ್ನು ತೋಡಿದವನು ಹೊನ್ನಿಯ ಮಾವ. ಸಮುದ್ರದ ಸದ್ದು ಕಟ್ಟೆಯ ತನಕ ಕೇಳುತ್ತಿದ್ದರೂ ನೀರು ಮಾತ್ರ ಎಳನೀರಿನ ಹಾಗಿತ್ತು. ಅವನು ತೀರಿಕೊಂಡು ಎಷ್ಟೋ ಮಳೆಗಾಲ ಕಳೆದಿದ್ದರೂ ಅವನ ಹೆಂಡತಿ, ಹೊನ್ನಿಯ ಅತ್ತೆ ಸುಬ್ಬಿ ಬೇರೆ ಬಾವಿಯ ನೀರು ಕುಡಿದವಳಲ್ಲ.

ಮೂವತ್ತಾರನೇ ಇಸವಿಯಲ್ಲಿ ದೇವಪ್ಪ ಒಡೆಯರು ಕೇರಿಗೆ ತಾಗಿಕೊಂಡಿದ್ದ ತಮ್ಮ ಪಾಳು ಜಾಗದಲ್ಲಿ ತೆಂಗಿನ ತೋಟ ಎಬ್ಬಿಸಿದರು. ಅವರದು ಕಾರವಾರ ಪೇಟೆಯಲ್ಲಿ ದೊಡ್ಡ ವ್ಯಾಪಾರ. ಆಳದ ಬಾವಿ ತೆಗೆಸಿ, ಮುಂಬೈಯಿಂದ ಹಡಗಿನಲ್ಲಿ ನೀರೆತ್ತುವ ಎಣ್ಣೆ ಎಂಜಿನ್ ತರಿಸಿ ಕೂರಿಸಿದರು. ಅದನ್ನು ನಡೆಸುವ ಕೆಲಸ ಹೊನ್ನಿಯ ಗಂಡ ಬೀರುವಿಗೆ ಸಿಕ್ಕಿತು. ಅಲ್ಲಿಯವರೆಗೆ ಕಂಡವರ ಗದ್ದೆಯಲ್ಲಿ ಕೆಸರು ತುಳಿಯುತ್ತಿದ್ದ ಬೀರು ಈಗ ಎಣ್ಣೆ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಹೊನ್ನಿಗೂ ಅದು ಹೆಮ್ಮೆಯೇ ಆಗಿತ್ತು.

ಎರಡನೇ ಬೇಸಿಗೆಯಲ್ಲಿ ಕೇರಿಯ ಬಾವಿಯ ನೀರು ನಾಲಗೆಗೆ ಚುರುಕ್ ಎನ್ನತೊಡಗಿತು. ಗಂಜಿಗೆ ಉಪ್ಪು ಹಾಕುವುದೇ ಬೇಡವಾಯಿತು. ಸುಗ್ಗಿ ಹಬ್ಬ ಬರುವಷ್ಟರಲ್ಲಿ ಮಕ್ಕಳಿಗೆ ಹೊಟ್ಟೆ ಕೆಡುವುದು ಶುರುವಾಯಿತು. ಹೆಂಗಸರು ಬಾವಿ ತೊಳೆಸಿದರು, ದೇವರಿಗೆ ಕಾಯಿ ಒಡೆಸಿದರು. ಆಗಲೇ ಒಮ್ಮೆ ಎಂಜಿನ್ನಿನ ಪಟ್ಟಿ ಹರಿದು, ಹೊಸದು ಬರುವ ತನಕ ತೋಟದ ನೀರು ನಿಂತಿತು. ಆ ದಿನಗಳಲ್ಲಿ ಬಾವಿಯ ಉಪ್ಪು ಕಡಿಮೆಯಾಯಿತು. ಎಂಜಿನ್ ಮತ್ತೆ ಶುರುವಾದ ಮೇಲೆ ಉಪ್ಪೂ ತಿರುಗಿ ಬಂತು. ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಡೆಯರ ಬಾವಿ ನೆಲದಡಿಯ ಸಿಹಿನೀರನ್ನು ಎಳೆಯುತ್ತಿತ್ತು, ಖಾಲಿಯಾದ ಜಾಗಕ್ಕೆ ಕಡಲು ನುಗ್ಗುತ್ತಿತ್ತು.

ಹೊನ್ನಿ ಒತ್ತಾಯ ಮಾಡಿ ಗಂಡನನ್ನು ಒಡೆಯರ ಬಳಿ ಕಳಿಸಿದಳು. ದಿನಕ್ಕೆ ಅರ್ಧ ಹೊತ್ತಾದರೂ ಎಂಜಿನ್ ನಿಲ್ಲಿಸಬಹುದೇ ಎಂದು ಬೀರು ತಲೆ ತಗ್ಗಿಸಿ ಕೇಳಿದ. ಒಡೆಯರು ಸಿಟ್ಟಾಗಲಿಲ್ಲ. ತಮ್ಮ ಜಾಗದ ಅಡಿಯ ನೀರು ತಮ್ಮದು ಎಂದರು. ಬೀರುವಿನ ಮನೆಯವರು ಬೇಕಾದರೆ ತೋಟದ ತೊಟ್ಟಿಯಿಂದ ಒಯ್ಯಲಿ, ಬೇರೆ ಯಾರಿಗೂ ಹನಿಯೂ ಇಲ್ಲ ಎಂದರು.

ಹೊನ್ನಿ ತೊಟ್ಟಿಯ ನೀರು ತಂದಳು. ಅತ್ತೆ ಅದನ್ನು ಮುಟ್ಟಲಿಲ್ಲ. ಉಪ್ಪು ನೀರನ್ನೇ ಕುದಿಸಿ ಕುಡಿದಳು. ಪಕ್ಕದ ಮನೆಯ ತಿಮ್ಮಿಯ ಕೂಸು ಕಕ್ಕುತ್ತಿತ್ತೆಂದು ಹೊನ್ನಿ ಅವಳಿಗೆ ಸೆರಗಿನ ಮರೆಯಲ್ಲಿ ಒಂದು ತಂಬಿಗೆ ಕೊಟ್ಟು ಬರುತ್ತಿದ್ದಳು. ಅದು ಹೇಗೋ ಒಡೆಯರ ಕಿವಿಗೆ ಬಿತ್ತು. ತೊಟ್ಟಿಯ ಸುತ್ತ ಮುಳ್ಳಿನ ಬೇಲಿ ಬಂತು. ಅಂದಿನಿಂದ ಹೊನ್ನಿಗೆ ಸಿಕ್ಕಿದ್ದು ಅಳೆದು ಕೊಟ್ಟ ನೀರು, ತಿಮ್ಮಿಗೆ ಕೊಡಲು ಉಳಿಯುತ್ತಿರಲಿಲ್ಲ. ತಿಮ್ಮಿಯ ಕೂಸು ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ತೀರಿಕೊಂಡಿತು.

ಅದಾದ ವಾರದೊಳಗೆ ಒಂದು ಮಧ್ಯಾಹ್ನ ಹೊನ್ನಿ ಗಂಡನಿಗೆ ಗಂಜಿ ಒಯ್ದಳು. ಬೀರು ಕೈ ತೊಳೆಯಲು ಕಾಲುವೆಯತ್ತ ಹೋಗಿದ್ದ. ಎಂಜಿನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವಳು ಅಂಗಳದ ಮರಳನ್ನು ಬೊಗಸೆ ತುಂಬ ಎತ್ತಿ, ಗಂಡ ಎಣ್ಣೆ ಹೊಯ್ಯುವ ಬಾಯಿಗೆ ಸುರಿದಳು. ಇನ್ನೊಂದು ಬೊಗಸೆಯನ್ನೂ ಸುರಿದಳು. ಬೀರು ಉಣ್ಣುತ್ತಿದ್ದಾಗ ಎಂಜಿನ್ ಕಿರುಚಿ, ಹೊಗೆ ಕಾರಿ ನಿಂತಿತು. ಅವನು ಎದ್ದು ನೋಡಿದ. ಆಮೇಲೆ ಹೆಂಡತಿಯ ಮುಂಗೈಗೆ ಹತ್ತಿದ್ದ ಎಣ್ಣೆಯನ್ನು ನೋಡಿದ. ಒರೆಸಿಕೊಳ್ಳಲು ತನ್ನ ಹೆಗಲ ಬಟ್ಟೆ ಕೊಟ್ಟ.

ಒಡೆಯರು ಬಂದು ಕೇಳಿದಾಗ ತಾನೇ ನೋಡಿಕೊಳ್ಳದೆ ಕೆಡಿಸಿದೆ ಎಂದು ಬೀರು ಒಪ್ಪಿಕೊಂಡ. ಅವನನ್ನು ತೋಟದ ಕಂಬಕ್ಕೆ ಕಟ್ಟಿ ಹೊಡೆಸಿದರು. ಕೆಲಸ ಹೋಯಿತು. ಮಳೆಗೆ ಮುಂಚೆಯೇ ಮುಂಬೈಯಿಂದ ಇನ್ನೊಂದು ಎಂಜಿನ್ ಬಂತು, ಮೊದಲಿನದಕ್ಕಿಂತ ದೊಡ್ಡದು.

ಬೆನ್ನಿನ ಗಾಯ ಮಾಯುವ ತನಕ ಬೀರು ಅಂಗಳದಲ್ಲಿ ಬೋರಲು ಮಲಗಿದ್ದ. ಎಣ್ಣೆ ಹಚ್ಚುತ್ತಿದ್ದ ಹೊನ್ನಿ ಒಂದು ದಿನ ತಡೆಯಲಾರದೆ ಕೇಳಿದಳು.

"ನನ್ನ ಹೆಸ್ರು ಎಂತಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕಟ್ತಿದ್ರು."

"ನಾ ಮಾಡಿದ್ದು ತಪ್ಪಾ?"

ಬೀರು ಮುಖವನ್ನು ಆಚೆ ತಿರುಗಿಸಿದ. "ನಂಗೊಂದು ಕೆಲ್ಸ ಇತ್ತು," ಎಂದ. "ಈಗ ಕೆಲ್ಸವೂ ಇಲ್ಲ, ನೀರೂ ಇಲ್ಲ."

ಮಳೆ ಕಡಿಮೆಯಾದ ಮೇಲೆ ಅವನು ಕಾರವಾರದ ಬಂದರಿಗೆ ಹೊರೆ ಹೊರಲು ಹೋದ. ಹಬ್ಬಕ್ಕೆ ಬರುತ್ತಿದ್ದ, ಉಂಡು ಹೋಗುತ್ತಿದ್ದ. ಹೆಂಡತಿಯೊಡನೆ ಜಗಳವಾಡಲಿಲ್ಲ, ಮೊದಲಿನಂತೆ ಮಾತನ್ನೂ ಆಡಲಿಲ್ಲ.

ಇನ್ನೆರಡು ಬೇಸಿಗೆ ಕಳೆಯುವಷ್ಟರಲ್ಲಿ ಒಡೆಯರ ಬಾವಿಗೂ ಉಪ್ಪು ಹತ್ತಿತು. ತೆಂಗಿನ ಸಸಿಗಳ ಗರಿ ತುದಿಯಿಂದ ಸುಟ್ಟುಕೊಂಡು ಬಂತು. ಅವರು ಎಂಜಿನ್ ಬಿಚ್ಚಿಸಿ ಗಾಡಿಗೆ ಹೇರಿ, ಸಿಹಿನೀರಿರುವ ಒಳನಾಡಿನಲ್ಲಿ ಬೇರೆ ಜಾಗ ಹಿಡಿದರು. ಈಗ ನೀರು ಸಿಹಿಯಾದೀತೆಂದು ಕೇರಿಯವರು ಒಂದು ಮಳೆಗಾಲ ಕಾದರು, ಇನ್ನೊಂದನ್ನೂ ಕಾದರು. ಆಗಲಿಲ್ಲ. ಸುಬ್ಬಿ ಆ ಉಪ್ಪು ನೀರನ್ನೇ ಕುಡಿಯುತ್ತ ಕಾಲು ಊದಿಕೊಂಡು ಸತ್ತಳು.

ಉಳಿದವರು ಗುಡ್ಡದ ಬುಡದ ಒರತೆಗೆ ಹೋಗತೊಡಗಿದರು. ಬೇಸಿಗೆಯಲ್ಲಿ ಅಲ್ಲಿ ಒಂದು ಕೊಡ ತುಂಬಲು ಹೊತ್ತು ಹಿಡಿಯುತ್ತಿತ್ತು. ಮೊದಲ ದಿನ ಹೊನ್ನಿ ಬೇಗ ಹೋಗಿ ಮುಂದೆ ಕೊಡ ಇಟ್ಟಳು. ತಿಮ್ಮಿ ಬಂದವಳೇ ಅದನ್ನು ಎತ್ತಿ ಸಾಲಿನ ಹಿಂದಕ್ಕೆ ಒಯ್ದಳು.

"ನಮ್ಮ ಬಾವಿಗೆ ಉಪ್ಪು ಹತ್ಸಿದ್ದು ನಿನ್ನ ಗಂಡ," ಎಂದಳು ಶಾಂತವಾಗಿ. "ನನ್ನ ಕೂಸು ಸತ್ತಾಗ ನಿಮ್ಮನೇಲಿ ಸಿಹಿನೀರಿತ್ತು. ನೀ ಕಡೆಗೆ ತುಂಬ್ಸು."

ಮಿಕ್ಕ ಹೆಂಗಸರು ತಮ್ಮ ಕೊಡಗಳನ್ನು ಮುಂದಕ್ಕೆ ಸರಿಸಿದರು. ಮರಳಿನ ಮಾತು ಹೊನ್ನಿಯ ಬಾಯಿಯ ತನಕ ಬಂತು. ಹೇಳಿದರೆ ಯಾರು ನಂಬುತ್ತಾರೆ, ನಂಬಿದರೂ ಆ ಕೂಸು ಬರುವುದಿಲ್ಲ ಎನಿಸಿತು. ಅವಳು ಹಿಂದೆ ಹೋಗಿ ತನ್ನ ಕೊಡದ ಪಕ್ಕ ಕುಳಿತಳು. ಅವಳ ಸರದಿ ಬಂದಾಗ ಒರತೆಯಲ್ಲಿ ಕೆಸರು ಮಾತ್ರ ಉಳಿದಿತ್ತು.