ದ್ವಾರಕಾನಾಥರ ನಾಲ್ಕನೇ ಪೋರ್ಟು

೧೯೮೬ರ ಅಕ್ಟೋಬರ್ ೧೪, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಊರ್ಮಿಳಾಗೆ ತಪ್ಪು ಕಂಡಿತು. ಲೆಕ್ಕದಲ್ಲಲ್ಲ, ಅಂಕಿ ಹಾಕಿದ್ದರಲ್ಲಿ.

ಕ್ಯಾಂಪ್‌ಬೆಲ್ ಊರಿನ ಒಂದು ಪುಟ್ಟ ಕಂಪನಿಯಲ್ಲಿ ರೇಡಿಯೋ ಸರ್ಕ್ಯೂಟುಗಳನ್ನು ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಜೋಡಿಸಿ ನೋಡುವ ಪ್ರೋಗ್ರಾಮು ಅವಳದು. ಪ್ರತಿ ತುಂಡಿಗೂ ಸಂಕೇತ ಹೋಗಿಬರುವ ಬಾಯಿಗಳು, ಅಂದರೆ ಪೋರ್ಟುಗಳು. ಒಂದೊಂದಕ್ಕೂ ಒಂದು ಅಂಕಿ. ಎರಡು ತುಂಡು ಸೇರಿಸಿದಾಗ, ಸೇರಿದ ಎರಡು ಪೋರ್ಟುಗಳು ಮಾಯ. ಉಳಿದವನ್ನು ಪ್ರೋಗ್ರಾಮು ಹತ್ತಿರ ಸರಿಸಿ ಒಂದರಿಂದ ಹೊಸದಾಗಿ ಎಣಿಸುತ್ತಿತ್ತು. ಹಳೆಯ ಅಂಕಿಗಳೇ ಉಳಿಯುತ್ತವೆಂದು, ಅಲ್ಲಿ ಸರ್ಕ್ಯೂಟು ವಿನ್ಯಾಸ ಮಾಡುತ್ತಿದ್ದ ಧಾರವಾಡದ ದ್ವಾರಕಾನಾಥರು ನಂಬಿದ್ದರು. ಮೂರನೇ ಪೋರ್ಟಿಗೆ ಐದನೆಯದನ್ನು ಸೇರಿಸಿ ನಾಲ್ಕನೆಯದರ ನಷ್ಟ ಕೇಳಿದ್ದರು. ಅಷ್ಟರಲ್ಲಿ ನಾಲ್ಕು ಮೂರಾಗಿ, ಆರು ನಾಲ್ಕಾಗಿತ್ತು; ಸಿಕ್ಕಿದ್ದು ಅವರ ಆರು. ಅಲ್ಲಿ ಸಂಕೇತವೇ ಇರಲಿಲ್ಲ. ಸಂಕೇತದ ನಷ್ಟ ಒಂದು ಡೆಸಿಬೆಲ್ ಮೀರಕೂಡದೆಂದಿದ್ದ ಕಂಪನಿ ಅವರ ಎರಡು ವರ್ಷದ ವಿನ್ಯಾಸವನ್ನು ಕೈಬಿಟ್ಟಿತು. ಬೇಸಿಗೆಯಲ್ಲಿ ಅವರನ್ನೂ.

ಈಗ ಅವರು ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿದ್ದರು. ಅಂದೇ ಹೃದಯದ ಆಪರೇಷನ್ನು. ಅವಳು ಫೋನು ಮಾಡಿದಳು.

"ಸಾರ್, ನಿಮ್ಮ ಡಿಸೈನು ಸರಿಯಾಗೇ ಇತ್ತು ಅನ್ಸುತ್ತೆ. ನನ್ನ ಪ್ರೋಗ್ರಾಮು ನಂಬರುಗಳನ್ನ ಸರಿಸಿಬಿಟ್ಟಿತ್ತು. ಈಗ ನಷ್ಟ ಬರೀ ಪಾಯಿಂಟ್ ನಾಲ್ಕು ಡೆಸಿಬೆಲ್, ಒಂದರ ಒಳಗೇ."

ಆ ಕಡೆಯಿಂದ ಸಣ್ಣ ನಗೆ.

"ಪಂಕ್ತಿಯೊಳಗ ಒಬ್ಬಾಂವ ಎದ್ದರ ಉಳದವರು ಎಲಿ ಬಿಟ್ಟು ಸರೀತಾರೇನವಾ? ನಿಮ್ಮ ಮೈಸೂರಾಗ ಹಂಗ ಪದ್ಧತಿ ಏನು?"

"ಇಲ್ಲ ಸಾರ್."

"ಕಂಪ್ಯೂಟರಿನ ಮಾತು ಬ್ಯಾಡ. ಒಮ್ಮೆ ನಂಬಿ ಕೆಟ್ಟೀನಿ. ಲ್ಯಾಬಿನ್ಯಾಗ ನಾ ಕಟ್ಟಿದ ಬೋರ್ಡ್ ಅದ, ಯಾರೂ ಅಳದಿಲ್ಲ. ಅಳದು ಹೇಳು. ನಾಕಕ್ಕ ನನ್ನ ಒಳಗ ಒಯ್ತಾರ. ಅದರಕಿಂತ ಮೊದಲ ತಿಳೀಬೇಕು, ಎರಡು ವರ್ಷ ನಾ ಮಾಡಿದ್ದೇನು ಅಂತ."

ಬೋರ್ಡು ಕಪಾಟಿನ ತಳದಲ್ಲಿ ಸಿಕ್ಕಿತು. ಬಳಸದ ಪೋರ್ಟುಗಳಿಗೆಲ್ಲ, ಸಂಕೇತ ತಿರುಗಿ ಬರದಂತೆ, ಐವತ್ತು ಓಮಿನ ಮುಚ್ಚಳ ತಿರುಗಿಸಿ ಅಳೆದಳು. ಕೇಬಲ್ಲು ಬದಲಿಸಿ ಮತ್ತೆ ಅಳೆದಳು. ಅಂಕಿ ಕದಲಲಿಲ್ಲ. ಕಂಪ್ಯೂಟರು ಹೇಳಿದ್ದು ಅದಲ್ಲ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಅವಳು ಕಾರು ಹತ್ತಿದಳು.

ಫ್ರೀವೇಯುದ್ದಕ್ಕೂ ಕಂಪ್ಯೂಟರಿನ ಪಾಯಿಂಟ್ ನಾಲ್ಕನ್ನೇ ಹೇಳಿಬಿಡಲೇ ಎಂಬ ಯೋಚನೆ. ಅದೂ ಲೆಕ್ಕವೇ ತಾನೆ, ಪೂರಾ ಸುಳ್ಳೇನಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರ ಹೆಂಡತಿ ಅವಳ ಕೈ ಹಿಡಿದರು. "ಚೊಲೋದ ಹೇಳವಾ. ಇವತ್ತೊಂದಿನ."

ದ್ವಾರಕಾನಾಥರು ಗಾಲಿಮಂಚದ ಮೇಲಿದ್ದರು. ಕನ್ನಡಕ ತೆಗೆದಿಟ್ಟಿದ್ದರಿಂದ ಮುಖ ಬೇರೆ ಯಾರದೋ ಆಗಿತ್ತು.

"ಅಳದ್ಯಾ?"

"ಅಳೆದೆ ಸಾರ್."

"ನಾಕನೇ ಪೋರ್ಟ್?"

"ನಿಮ್ಮ ನಾಲ್ಕೇ ಸಾರ್, ಪ್ರೋಗ್ರಾಮಿನದಲ್ಲ."

"ಮತ್ತ ಮಾರಿ ಯಾಕ ಸಣ್ಣದು ಮಾಡೀದಿ? ನಾ ಏನು ಕೂಸಲ್ಲ. ಹೇಳು, ಎಷ್ಟು?"

ಅವರ ಹೆಂಡತಿ ಅವಳನ್ನೇ ನೋಡುತ್ತಿದ್ದರು. ಊರ್ಮಿಳಾ ಮಂಚದ ಕಂಬಿ ಹಿಡಿದುಕೊಂಡು ಹೇಳಿದಳು:

"ಎರಡು ಪಾಯಿಂಟ್ ಏಳು ಡೆಸಿಬೆಲ್."