ನರ್ಸಮ್ಮನ ಅನುಭವ ಪತ್ರ

ಸಿಂಧನೂರಿನ ಆ ಓಣಿಯಲ್ಲಿ ಯಾರಿಗೆ ಜ್ವರ ಬರಲಿ, ಯಾರ ಮಗು ವಾಂತಿ ಮಾಡಲಿ, ಮೊದಲು ಸುಲ್ತಾನಾಳ ಮನೆಯ ಬಾಗಿಲು ಬಡಿಯುತ್ತಿದ್ದರು. ಅವಳು ನಾಡಿ ಹಿಡಿದು, ನಾಲಿಗೆ ಚಾಚಿಸಿ ನೋಡಿ, ಮುಖ ಗಂಭೀರ ಮಾಡಿಕೊಂಡು, "ಬಿಸಿನೀರು ಕುಡಸ್ರಿ, ನಾಳಿಗೆ ಡಾಕ್ಟರಿಗೆ ತೋರಸ್ರಿ" ಅನ್ನುತ್ತಿದ್ದಳು. ಇಷ್ಟನ್ನು ಯಾರು ಬೇಕಾದರೂ ಹೇಳಬಹುದಿತ್ತು. ಆದರೆ ನರ್ಸಮ್ಮ ಹೇಳಿದರೆ ಅದಕ್ಕೊಂದು ತೂಕ. ಅತ್ತೆ ಬಿಬಿಜಾನ್ ಅಂತೂ ಮನೆಗೆ ಹೊಸಬರು ಬಂದರೆ ಚಹಾಕ್ಕಿಂತ ಮೊದಲು ಇದನ್ನೇ ಬಡಿಸುತ್ತಿದ್ದಳು.

"ನಮ್ಮ ಸೊಸಿ ಲಿಂಗಸುಗೂರು ದವಾಖಾನಿಯಾಗ ನರ್ಸ್ ಇದ್ಲು. ಮದಿವಿ ಆದಮ್ಯಾಲ ನಾನೇ ಬಿಡಿಸೀನಿ."

ಸುಲ್ತಾನಾ ನರ್ಸ್ ಆಗಿರಲೇ ಇಲ್ಲ. ಎರಡು ವರ್ಷ ಆ ದವಾಖಾನೆಯ ಕಸ ಗುಡಿಸಿದ್ದಳು, ಸಂಡಾಸು ತೊಳೆದಿದ್ದಳು, ಹೆರಿಗೆ ಕೋಣೆಯ ನೆಲ ಒರೆಸಿದ್ದಳು. ಅವಳ ಜೊತೆಗೆ ಅದೇ ಕೆಲಸ ಮಾಡುತ್ತಿದ್ದವಳು ಅಂಬಿಕಾ. ಇಬ್ಬರದೂ ತವರು ಮಸ್ಕಿ. ಬೆಳಿಗ್ಗೆ ಒಂದೇ ಬಸ್ಸು ಹತ್ತುವರು, ಸಂಜೆ ಒಂದೇ ಬಸ್ಸಿನಲ್ಲಿ ಇಳಿಯುವರು. ಇಳಿದ ಮೇಲೆ ಸುಲ್ತಾನಾ ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ನಲ್ಲಿಯ ಕೆಳಗೆ ಮೊಳಕೈತನಕ ಸೋಪು ಹಚ್ಚಿ ತಿಕ್ಕಿ, ಮಣಿಕಟ್ಟಿಗೆ ಅತ್ತರು ಸವರಿಕೊಂಡೇ ಹೋಗಬೇಕು. ಅಂಬಿಕಾ ಅವಳ ಚೀಲ ಹಿಡಿದು ನಿಂತು ನಗುತ್ತಿದ್ದಳು.

"ಎಷ್ಟು ತಿಕ್ಕಿದ್ರೂ ಫಿನೈಲ್ ಹೋಗಂಗಿಲ್ಲ ಬೇ. ಬಿಡು, ಅದು ನಮ್ಮ ಅನ್ನದ ವಾಸನಿ."

ಸಿಂಧನೂರಿನಿಂದ ಸಂಬಂಧ ಬಂದಾಗ ಸುಲ್ತಾನಾ ದವಾಖಾನೆಯ ಮ್ಯಾನೇಜರನ ಮುಂದೆ ಅತ್ತೂ ಕರೆದೂ ಒಂದು ಪತ್ರ ಬರೆಸಿಕೊಂಡಿದ್ದಳು. ಅದರಲ್ಲಿ ಅವಳು 'ನರ್ಸಿಂಗ್ ಸಹಾಯಕಿ'. ಆ ಪತ್ರ ನೋಡಿಯೇ ಬಿಬಿಜಾನ್ ಹೂಂ ಅಂದದ್ದು. ಗಂಡ ನಾಸೀರ್ ಬೈಕ್ ರಿಪೇರಿಯವನು, ಒಳ್ಳೆಯವನು, ಅವನೂ ಅದನ್ನೇ ನಂಬಿದ್ದ. ಖರೆ ಸಂಗತಿ ಗೊತ್ತಿದ್ದವಳು ಅಂಬಿಕಾ ಒಬ್ಬಳೇ. ಅವಳೂ ಸಿಂಧನೂರಿಗೇ ಮದುವೆಯಾಗಿ ಬಂದು, ಒಂದು ಶಾಲೆಯಲ್ಲಿ ಅದೇ ಕಸಬರಿಗೆ ಹಿಡಿದಿದ್ದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಜಗಳವಾಡಿ ದೂರ ಮಾಡಬಹುದಿತ್ತು. ಬಾಯಿ ಮುಚ್ಚಿಕೊಂಡು ಉಪಕಾರ ಮಾಡುವವರ ಋಣ ಹೊರುವುದಿದೆಯಲ್ಲ, ಅದು ಸುಲ್ತಾನಾಳ ಕೈಲಾಗುತ್ತಿರಲಿಲ್ಲ.

ಆ ತಿಂಗಳ ಐದನೇ ತಾರೀಖು ಮಧ್ಯಾಹ್ನ ಅಂಬಿಕಾ ಒಂದು ದೊಡ್ಡ ಖಾಕಿ ಲಕೋಟೆ ಹಿಡಿದು ಬಂದಳು. ಬಾಯಿತುಂಬ ನಗು.

"ಅಮ್ಮಾ, ನಾ ಕೇಂದ್ರ ಸರ್ಕಾರದ ನೌಕ್ರಿಗೆ ಅರ್ಜಿ ಹಾಕಾಕತ್ತೀನಿ" ಎಂದು ಬಿಬಿಜಾನಳ ಮುಂದೆ ಕೂತಳು. "ಮಂಗಳೂರಾಗ ಕೋಸ್ಟ್ ಗಾರ್ಡ್ ಅಂತ ಐತಿ. ಸಮುದ್ರ ಕಾಯೋ ಮಂದಿ. ಅವರ ಆಫೀಸಿಗೆ ಸಫಾಯಿಯವರು ಬೇಕಂತ."

"ಸಮುದ್ರಕ್ಕ ಕಸಬರಗಿ ಯಾಕ ಬೇ?" ಅಂದಳು ಬಿಬಿಜಾನ್.

"ಸಮುದ್ರಕ್ಕಲ್ಲಮ್ಮಾ, ಆಫೀಸಿಗೆ! ಹತ್ತನೇತ್ತ ಪಾಸಾಗಿರಬೇಕು, ಎರಡು ವರ್ಷ ಸಫಾಯಿ ಕೆಲಸ ಮಾಡಿದ ಅನುಭವ ಇರಬೇಕು. ನೋಡ್ರಿ, ದವಾಖಾನಿಯಿಂದ ಬರಿಸ್ಕೊಂಡು ಬಂದೀನಿ." ಒಂದು ಕಾಗದ ತೆಗೆದು ಬಿಡಿಸಿ ತೋರಿಸಿದಳು. ಅಂಬಿಕಾ ಎರಡು ವರ್ಷ ಸ್ವಚ್ಛತಾ ಕೆಲಸ ಮಾಡಿದ್ದಾಳೆ ಎಂದು ಮೊಹರು ಸಮೇತ ಬರೆದಿತ್ತು. ಮಗನ ಅಂಕಪಟ್ಟಿ ಹಿಡಿದಷ್ಟು ಜಂಬದಿಂದ ಅದನ್ನು ಹಿಡಿದಿದ್ದಳು.

ಸುಲ್ತಾನಾಳ ಹೊಟ್ಟೆಗೆ ಬೆಂಕಿ ಬಿತ್ತು. ತಾನು ಅತ್ತರು ಹಚ್ಚಿ ಅಳಿಸಿದ ಆ ಎರಡು ವರ್ಷವನ್ನು ಇವಳು ಮೊಹರು ಹಾಕಿಸಿಕೊಂಡು ಬಂದಿದ್ದಾಳೆ!

"ನಿನ್ನ ಇಂಗ್ಲಿಷ್ ಅಕ್ಷರ ಮುದ್ದಾಗಿರತಾವ" ಎಂದು ಅಂಬಿಕಾ ಲಕೋಟೆಯನ್ನು ಅವಳ ಮಡಿಲಿಗಿಟ್ಟಳು. "ಫಾರಂ ತುಂಬಿ ಪೋಸ್ಟಿಗೆ ಹಾಕಿಬಿಡು. ಅಪ್ಪಗ ಆರಾಮಿಲ್ಲ, ನಾ ಹದಿನೈದು ದಿನ ಮಸ್ಕಿಗೆ ಹೊಂಟೀನಿ. ಇಪ್ಪತ್ತನೇ ತಾರೀಖಿನೊಳಗ ಮುಟ್ಟಬೇಕು ನೋಡು. ಈ ಸಲ ತಪ್ಪಿದ್ರ ನನ್ನ ವಯಸ್ಸು ದಾಟತೈತಿ, ಮತ್ತ ಹಾಕಾಕ ಬರಂಗಿಲ್ಲ." ಎದ್ದು ಹೊಸ್ತಿಲ ತನಕ ಹೋದವಳು ತಿರುಗಿ ಬಂದು ಕಿವಿಯಲ್ಲಿ ಹೇಳಿದಳು, "ನೀ ಒಬ್ಬಾಕೇ ಇದ್ದಾಗ ತಗಿ."

ಲಕೋಟೆಯ ಬಾಯಿಗೆ ತನ್ನ ಕುಪ್ಪಸದ್ದೇ ಒಂದು ಪಿನ್ನು ಚುಚ್ಚಿ ಹೋದಳು. ಸುಲ್ತಾನಾ ಅದನ್ನು ಒಯ್ದು ಟ್ರಂಕಿನ ತಳದಲ್ಲಿ, ನಿಕಾಹದ ಸೀರೆಯ ಕೆಳಗೆ ಇಟ್ಟಳು.

ಮೊದಲ ಎರಡು ದಿನ ಅವಳಿಗೆ ಕೆಟ್ಟ ಯೋಚನೆ ಏನೂ ಇರಲಿಲ್ಲ. ನಾಳೆ ತುಂಬಿದರಾಯಿತು ಅಂದುಕೊಂಡಳು. ಮೂರನೇ ದಿನ ಊಟಕ್ಕೆ ಕೂತ ನಾಸೀರ್ ಅವಳ ಮನಸ್ಸು ಕೆಡಿಸಿದ. "ಅಂಬಿಕಾನ ನಸೀಬ ನೋಡು" ಎಂದು ಮೊಬೈಲಿನಲ್ಲಿ ಓದಿ ಹೇಳಿದ. "ಕ್ವಾರ್ಟರ್ಸ್, ಯೂನಿಫಾರಂ, ಎಲ್ಲಾ ಸಿಗತಾವಂತ. ಕಸ ಹೊಡದ್ರೇನಾತು, ಮಾನದ ಕೆಲಸ."

ಮಾನದ ಕೆಲಸ! ಸುಲ್ತಾನಾ ಮುರಿದ ರೊಟ್ಟಿಯನ್ನು ಮತ್ತೆ ತಾಟಿಗೇ ಹಾಕಿದಳು. ಈ ಮಾತನ್ನು ಮದುವೆಗೆ ಮೊದಲೇ ಆಡಿದ್ದರೆ ಅವಳು ಮ್ಯಾನೇಜರನ ಮುಂದೆ ಯಾಕೆ ಅಳಬೇಕಿತ್ತು? ಎಲ್ಲರೂ ಹೊರಗೆ ಹೋದ ಮೇಲೆ ಟ್ರಂಕು ತೆಗೆದು ತನ್ನ ಪತ್ರ ನೋಡಿದಳು. ನರ್ಸಿಂಗ್ ಸಹಾಯಕಿ. ಹತ್ತನೇತ್ತ ಅವಳೂ ಪಾಸು, ವಯಸ್ಸು ಅವಳಿಗೆ ಇನ್ನೂ ಬೇಕಾದಷ್ಟು. ಅನುಭವ ಅಂಬಿಕಾಗಿಂತ ಒಂದು ದಿನವೂ ಕಡಿಮೆಯಿಲ್ಲ. ಆದರೆ ಆ ಕಾಗದ ಹಿಡಿದು ಯಾರ ಮುಂದೆ ಹೋಗಿ, ನಾನೂ ಗುಡಿಸಿದವಳು ಅಂತ ಹೇಳುವುದು?

ಅಂದಿನಿಂದ ಅವಳ ಕಣ್ಣಿಗೆ ಅಂಬಿಕಾ ಬಿಟ್ಟು ಬೇರೇನೂ ಕಾಣಿಸಲಿಲ್ಲ. ಪಾತ್ರೆ ತಿಕ್ಕುತ್ತಿದ್ದರೆ, ಅಲ್ಲಿ ಅಂಬಿಕಾಳ ಕ್ವಾರ್ಟರ್ಸಿನಲ್ಲಿ ಅಡುಗೆಮನೆಯೊಳಗೇ ನಲ್ಲಿ. ಕಾಲುವೆ ದಂಡೆಯ ಮೇಲೆ ನಡೆದು ಹೋಗುತ್ತಿದ್ದರೆ, ಅಲ್ಲಿ ಅಂಬಿಕಾಳ ಕಿಟಕಿಯ ಹೊರಗೆ ಸಮುದ್ರ. ಅವಳ ಗಂಡ ದುರುಗೇಶ ರೈಸ್ ಮಿಲ್ಲಿನ ತೌಡಿನ ಧೂಳು ಝಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿ ಅವಳ ಹಿಂದೆ ಹೋಗುತ್ತಿದ್ದಾನೆ. ಹಬ್ಬಕ್ಕೆ ಬಂದಾಗ ಇದೇ ಬಿಬಿಜಾನ್ ಅವಳಿಗೆ ಕುರ್ಚಿ ಹಾಕಿ, "ಬಾರವ್ವ ಮಂಗಳೂರಾಕಿ" ಅನ್ನುತ್ತಾಳೆ. ನರ್ಸಮ್ಮ ಆಗ ಒಳಗೆ ಚಹಾ ಸೋಸುತ್ತಿರಬೇಕು. ಇವಳಿಗೆ ಚಹಾ ಸೋಸುವವಳು ನಾನಲ್ಲ ಎಂದು ಸುಲ್ತಾನಾ ಹಲ್ಲು ಕಚ್ಚಿದಳು.

ಅರ್ಜಿಯನ್ನು ಸಾದಾ ಅಂಚೆಯಲ್ಲಿ ಕಳಿಸಬೇಕಿತ್ತು. ಸಾದಾ ಅಂಚೆಗೆ ರಸೀದಿ ಇಲ್ಲ. ಹಾಕಿದಳೋ ಬಿಟ್ಟಳೋ, ಯಾರಪ್ಪ ಬಂದು ಕೇಳಿದರೂ ಗೊತ್ತಾಗುವಂತಿರಲಿಲ್ಲ. ಮಂಗಳೂರಿಗೆ ಮುಟ್ಟಲು ಆರು ದಿನವಾದರೂ ಬೇಕು. ಹದಿಮೂರು ದಾಟಿತು, ಹದಿನಾಲ್ಕು ದಾಟಿತು. ಹದಿನೈದನೇ ತಾರೀಖು ಬೆಳಿಗ್ಗೆ ಸುಲ್ತಾನಾಳಿಗೆ ಮೈಯೆಲ್ಲ ಹಗುರಾಯಿತು. ಅಂದು ಮಾಡಿದ ಸಾರಿಗೆ ಉಪ್ಪು ಖಾರ ಸರಿಯಾಗಿ ಬಿದ್ದು, ಅತ್ತೆ ಎರಡನೇ ಸಲ ಹಾಕಿಸಿಕೊಂಡಳು.

ಇಪ್ಪತ್ತೊಂದಕ್ಕೆ ಅಂಬಿಕಾಳ ಫೋನು ಬಂತು.

"ಹಾಕಿದ್ಯಲ್ಲ ಬೇ?"

"ಹಾಕೀನಿ ಅಂಬಕ್ಕ. ಯಾವಾಗೋ ಹಾಕೀನಿ."

"ಎರಡೂ ಹಾಕಿದಿ?"

ಎರಡು ಏನು ಎಂದು ತಿಳಿಯದಿದ್ದರೂ ಸುಲ್ತಾನಾ, "ಹೂಂ, ಎರಡೂ" ಅಂದಳು.

ಆ ಕಡೆಯಿಂದ ಅಂಬಿಕಾ ಗಲಗಲ ನಕ್ಕಳು. "ನೀ ಎಲ್ಲಿ ಅಂಜಿ ನಿಂದು ಹಾಕದ ಬಿಡತೀ ಅಂದ್ಕೊಂಡಿದ್ದೆ. ಹುಡುಗಿ ಧೈರ್ಯ ಮಾಡ್ಯಾಳ ನೋಡು ಅಂತ ಈಗ ಅಪ್ಪಗ ಹೇಳ್ತೀನಿ. ನಸೀಬ ಇದ್ರ ಇಬ್ಬರೂ ಕೂಡೇ ಹೋಗೂಣು, ಮತ್ತ ಒಂದೇ ಬಸ್ಸಿನ್ಯಾಗ."

ಫೋನಿಟ್ಟ ಸುಲ್ತಾನಾ ನೆಟ್ಟಗೆ ಟ್ರಂಕಿನ ಹತ್ತಿರ ಹೋದಳು. ಪಿನ್ನು ಕೀಳುವಾಗ ಬೆರಳಿಗೆ ಚುಚ್ಚಿತು. ಮೇಲೆ ಅಂಬಿಕಾಳ ಫಾರಂ, ಫೋಟೋ, ಅಂಕಪಟ್ಟಿ, ಅನುಭವ ಪತ್ರ. ಅದರ ಕೆಳಗೆ ಇನ್ನೊಂದು ಖಾಲಿ ಫಾರಂ. ಅದಕ್ಕೆ ಪಿನ್ನು ಹೊಡೆದಿದ್ದ ಇನ್ನೊಂದು ಅನುಭವ ಪತ್ರ, ಅದೇ ಮೊಹರು, ಅದೇ ಸಹಿ. ಸುಲ್ತಾನಾ ಇವರು ನಮ್ಮ ಆಸ್ಪತ್ರೆಯಲ್ಲಿ ಎರಡು ವರ್ಷ ಸ್ವಚ್ಛತಾ ಕೆಲಸ ಮಾಡಿದ್ದು, ಕೆಲಸದಲ್ಲಿ ಬಹಳ ಅಚ್ಚುಕಟ್ಟು, ಎಂದು ಬರೆದಿತ್ತು. ಅಂಚಿನಲ್ಲಿ ಅಂಬಿಕಾಳ ಸೊಟ್ಟ ಅಕ್ಷರದಲ್ಲಿ ಪೆನ್ಸಿಲಿನ ಎರಡು ಸಾಲು: "ನಿಮ್ಮ ಅತ್ತಿ ಮುಂದ ಹೇಳಾಕ ಆಗಲಿಲ್ಲ. ಎರಡು ಹುದ್ದೆ ಅದಾವ, ನೀನೂ ಹಾಕು."

ಆ ಕಾಗದಕ್ಕಾಗಿ ಅಂಬಿಕಾ ಲಿಂಗಸುಗೂರಿಗೆ ಎಷ್ಟು ಸಲ ಅಲೆದಳೋ, ಯಾರ ಯಾರ ಕೈಕಾಲು ಹಿಡಿದಳೋ. ಸುಲ್ತಾನಾ ಟ್ರಂಕಿನ ಮುಂದೆ ಕೂತು ಗೋಳೋ ಎಂದು ಅತ್ತಳು. ಅತ್ತು ಎದ್ದು, ಬುರ್ಖಾ ಹಾಕಿಕೊಂಡು, ಲಕೋಟೆ ಕಂಕುಳಲ್ಲಿಟ್ಟುಕೊಂಡು ಹೊರಟಳು.

"ಎಲ್ಲಿಗೆ ಬೇ?" ಅಂದಳು ಬಿಬಿಜಾನ್.

"ಮಸ್ಕಿಗೆ, ಅಂಬಕ್ಕನ ಹತ್ರ."

"ಆ ಕಸ ಹೊಡಿಯಾಕಿ ಸಲುವಾಗಿ ಮಸ್ಕಿತನಾ ಹೋಗತೀ?"

"ನಾನೂ ಕಸ ಹೊಡದಾಕೀನೇ ಅಮ್ಮಾ. ನರ್ಸ್ ಇರಲಿಲ್ಲ. ಎರಡು ವರ್ಷ ದವಾಖಾನಿ ಸಂಡಾಸ ತೊಳದೀನಿ." ಇಷ್ಟು ವರ್ಷ ಅಂಜಿದ ಮಾತು ಇಷ್ಟೇ ಉದ್ದವಿತ್ತು.

"ಹಾಯ್ ಅಲ್ಲಾ! ಓಣಿಯವರಿಗೆ ನಾ ಏನು ಹೇಳ್ಲಿ?" ಎಂದು ಬಿಬಿಜಾನ್ ಬಾಯಿಗೆ ಸೆರಗು ಒತ್ತಿಕೊಂಡಳು. ಸುಲ್ತಾನಾ ಉತ್ತರ ಕೊಡಲು ನಿಲ್ಲಲಿಲ್ಲ.

ಮಸ್ಕಿಯಲ್ಲಿ ಅಂಬಿಕಾ ತನ್ನ ತಂದೆ ಅಂಬಪ್ಪನ ಮನೆಯಂಗಳ ಗುಡಿಸುತ್ತಿದ್ದಳು. ಸುಲ್ತಾನಾಳನ್ನು ಕಂಡವಳೇ, "ಖುಷಿ ತಡಿಲಾರ್ದ ಬಸ್ಸೇ ಹತ್ತಿ ಬಂದ್ಯಾ?" ಎಂದು ನಕ್ಕಳು. ಸುಲ್ತಾನಾ ಲಕೋಟೆ ಮುಂದೆ ಹಿಡಿದಳು.

"ಹಾಕಿಲ್ಲ ಅಂಬಕ್ಕ. ಸುಳ್ಳು ಹೇಳಿದೆ. ತಗದು ನೋಡಿದ್ದೂ ಇವತ್ತೇ."

ಅಂಬಿಕಾಳ ನಗು ಮುಖದ ಮೇಲೆ ಹಾಗೇ ಉಳಿದು ನಿಧಾನಕ್ಕೆ ಇಳಿಯಿತು. "ಯಾಕ?"

"ಹೊಟ್ಟಿಕಿಚ್ಚು."

"ನನಗ ವಯಸ್ಸು ದಾಟತೈತಿ ಅಂತ ಹೇಳಿದ್ದೆನಲ್ಲ."

"ಹೇಳಿದ್ದಿ."

ಬೈದರೆ, ಹೊಡೆದರೆ ಚೆನ್ನಾಗಿತ್ತು ಎಂದು ಸುಲ್ತಾನಾ ಕಾದಳು. ಅಂಬಿಕಾ ಕಟ್ಟೆಯ ಮೇಲೆ ಕೂತು ಕಾಗದಗಳನ್ನು ಎರಡು ಪಾಲು ಮಾಡಿದಳು. ತನ್ನವನ್ನು ನಾಲ್ಕು ಮಡಿಕೆ ಮಡಚಿ ಕುಪ್ಪಸದೊಳಗೆ ಸಿಗಿಸಿಕೊಂಡಳು. ಸುಲ್ತಾನಾಳ ಅನುಭವ ಪತ್ರವನ್ನು ಮಾತ್ರ ಮಡಿಕೆ ಬೀಳದಂತೆ ಲಕೋಟೆಗೆ ಹಾಕಿ, ಮತ್ತೆ ಪಿನ್ನು ಚುಚ್ಚಿ ಅವಳ ಕೈಗಿಟ್ಟಳು.

"ನಿಂದು ಇನ್ನೂ ವಯಸ್ಸೈತಿ. ಮುಂದಿನ ಸಲ ಕರದಾಗ ಹಾಕು."

"ಅಂಬಕ್ಕ, ನನಗ ಬ್ಯಾಡ..."

"ಬ್ಯಾಡಾದ್ರ ಹರದು ಒಗಿ. ನಮ್ಮ ಮನಿಗಿ ಮಾತ್ರ ಇನ್ನ ಬರಬ್ಯಾಡ."

ಹಾಗೆಂದು ಎದ್ದು, ಬಿಟ್ಟಲ್ಲಿಂದ ಮತ್ತೆ ಗುಡಿಸತೊಡಗಿದಳು. ಮೂಲೆ ಬಿಡದೆ, ಧೂಳು ಏಳಿಸದೆ, ದವಾಖಾನೆಯಲ್ಲಿ ಗುಡಿಸುತ್ತಿದ್ದ ಹಾಗೆಯೇ. ಲಕೋಟೆ ಎದೆಗೊತ್ತಿಕೊಂಡು ನಿಂತ ಸುಲ್ತಾನಾಳಿಗೆ ಆ ಹೊತ್ತಿನಲ್ಲೂ ಅವಳನ್ನು ನೋಡಿ ಹೊಟ್ಟೆ ಉರಿಯಿತು. ಎಲ್ಲ ಕಳೆದುಕೊಂಡವಳ ಕೈಯೂ ನಡುಗುತ್ತಿರಲಿಲ್ಲ. ಕಸಬರಿಗೆ ಅಂಗಳವೆಲ್ಲ ದಾಟಿ ಬಂದು ಸುಲ್ತಾನಾಳ ಚಪ್ಪಲಿಯ ಹತ್ತಿರ ನಿಂತಿತು.

"ಕಾಲು ತಗಿ" ಅಂದಳು ಅಂಬಿಕಾ.