ಅಂಪಾರೊ ಎಂಬ ಸವತಿ

ಪುಸ್ತಕದೊಳಗಿನ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಪಾಟಲು ಎಂದು ನೆಲ್ಮಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಉರಿಯುತ್ತಿತ್ತು. ಸವತಿ ಪಕ್ಕದ ಬೀದಿಯಲ್ಲಿದ್ದರೆ ಹೋಗಿ ಜುಟ್ಟು ಹಿಡಿಯಬಹುದು. ಕಾಗದದೊಳಗೆ ಕೂತವಳನ್ನು ಎಲ್ಲಿ ಹಿಡಿಯುವುದು?

ಮೆಕ್ಸಿಕೋದ ಯುಕತಾನ್ ಸೀಮೆಯ ಮೊತುಲ್ ಊರಿನಲ್ಲಿ ಮಧ್ಯಾಹ್ನ ನಾಯಿಯೂ ಬೀದಿಗಿಳಿಯುವುದಿಲ್ಲ. ನೆಲ್ಮಿಯ ಗಂಡ ಎವೇಲಿಯೊ ಕ್ಷೌರದಂಗಡಿಯ ಬಾಗಿಲೆಳೆದು ಮನೆಗೆ ಬಂದು ಉಣ್ಣುತ್ತಾನೆ, ಗೋಡೆಯಿಂದ ಗೋಡೆಗೆ ಕಟ್ಟಿದ ನೂಲಿನ ಜೋಲಿಯಲ್ಲಿ ಒರಗುತ್ತಾನೆ. ಗಂಡಹೆಂಡಿರ ಜೋಲಿ ಅದು, ಇಬ್ಬರು ಆರಾಮಾಗಿ ಮಲಗುವಷ್ಟು ಅಗಲ. ಅಲ್ಲಿಯವರಿಗೆ ಮಂಚದ ಮೇಲೆ ನಿದ್ದೆ ಹತ್ತುವುದಿಲ್ಲ. ಮದುವೆಯಾದ ಹೊಸದರಲ್ಲಿ ಆ ಹೊತ್ತೆಲ್ಲ ನೆಲ್ಮಿಯದಾಗಿತ್ತು. ಯಾರ ತಲೆ ಬೋಳಾಗುತ್ತಿದೆ, ಯಾರು ಮೀಸೆಗೆ ಬಣ್ಣ ಬಳಿಸಿಕೊಂಡು ಯಾರ ಮನೆ ಕಡೆ ಹೋಗುತ್ತಾರೆ, ಎಲ್ಲವನ್ನೂ ಅವನು ಅವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಈಗ ಸಂತೆಯಿಂದ ತಂದ, ರಟ್ಟು ಹರಿದ ದಪ್ಪ ಕಾದಂಬರಿಯೊಂದು ಇಬ್ಬರ ನಡುವೆ ಬಂದು ಮಲಗಿತ್ತು.

ಜೋಲಿಯಲ್ಲಿ ಓದುವುದೇನು ಸುಖದ ಮಾತಲ್ಲ. ಪುಸ್ತಕ ಎತ್ತಿ ಹಿಡಿದರೆ ತೋಳು ಸೋಲುತ್ತದೆ, ಎದೆಯ ಮೇಲಿಟ್ಟರೆ ಕಣ್ಣು ಸೋಲುತ್ತದೆ. ಕನ್ನಡಕ ನೂಲಿಗೆ ಸಿಕ್ಕಿಕೊಳ್ಳುತ್ತದೆ. ತೂಕಡಿಸಿದರೆ ಪುಸ್ತಕ ಮೂಗಿನ ಮೇಲೆ ಬೀಳುತ್ತದೆ. ಬಿದ್ದಾಗಲೆಲ್ಲ ನೆಲ್ಮಿಗೆ ಒಳಗೊಳಗೇ ಖುಷಿ. ಎವೇಲಿಯೊ ಮೂಗುಜ್ಜಿಕೊಂಡು ಮತ್ತೆ ಅದೇ ಪುಟ ತೆರೆಯುತ್ತಿದ್ದ. ಅವನು ನಕ್ಕರೆ ಜೋಲಿಯಿಡೀ ಕುಲುಕುತ್ತಿತ್ತು. ಯಾವ ಮಾತಿಗೆ ನಕ್ಕನೆಂದು ತಿಳಿಯದೆ ಅವಳೂ ಅದರ ಜೊತೆ ಕುಲುಕಬೇಕಾಗುತ್ತಿತ್ತು.

"ಏನದು?"

"ಏನಿಲ್ಲ ಕಣೇ. ಈ ಅಂಪಾರೊ ಇದಾಳಲ್ಲ…"

"ಏನ್ ಮಾಡಿದ್ಲು?"

"ಹೇಳಿದ್ರೆ ಸ್ವಾರಸ್ಯ ಇರಲ್ಲ. ಓದ್ಬೇಕು."

ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಿಗೆ ಆ ಮಾತು ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ರೊಟ್ಟಿಯಂಗಡಿಯ ಸಾಲಿನಲ್ಲಿ ಪಕ್ಕದ ಮನೆಯ ಚಾರಿ ಎಲ್ಲರಿಗೂ ಕೇಳುವಂತೆ ಆಡಿದ ಮಾತು.

"ಏನೇ ನೆಲ್ಮಿ, ನಿನ್ ಗಂಡ ಗಿರಾಕಿ ಗಡ್ಡಕ್ಕೆ ಸೋಪು ಬಳಿದು ಅಂಪಾರೊ ಕತೆ ಶುರು ಮಾಡಿದ್ರೆ ನೊರೆ ಒಣಗಿ ಹೋಗತ್ತಂತೆ! ಎಷ್ಟು ದಪ್ಪ ಇದಾಳೆ ನಿನ್ ಸವತಿ?"

"ನಿನ್ನಷ್ಟೇ," ಎಂದು ನೆಲ್ಮಿ ಬಾಯಿ ಮುಚ್ಚಿಸಿದಳು. ಆದರೆ ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಕಂಡಕಂಡವರ ಗಡ್ಡಕ್ಕೆ ಹೇಳುವ ಕತೆಯನ್ನು ಹೆಂಡತಿಗೆ ಹೇಳಬಾರದೇ? ನೆಂಟರು ಬಂದರೆ ಬೇಕೆಂದು ಚೀಲದಲ್ಲಿ ಕಟ್ಟಿಟ್ಟ ಜೋಲಿಯೊಂದಿತ್ತು. ಪುಸ್ತಕವನ್ನು ಅದರ ಮಡಿಕೆಯೊಳಗೆ ತುರುಕಿದಳು.

ಎವೇಲಿಯೊ ಮನೆಯೆಲ್ಲ ತಡಕಾಡಿದ. ಮರುದಿನ ಉಣ್ಣಲು ಬಂದವನು ತಟ್ಟೆಯನ್ನೂ ನೋಡದೆ ಕೇಳಿದ, "ಪುಸ್ತಕ ಸಿಕ್ತಾ?"

"ಹುಡುಕಲಿಲ್ಲ."

"ಹುಡುಕ್ಲೇ ಇಲ್ವಾ! ಬೆಳಗ್ಗಿಂದ ಮನೇಲೇ ಇದೀಯ, ಒಂದ್ಸಲ ಕಣ್ಣಾಡಿಸೋಕೂ ಆಗ್ಲಿಲ್ವಾ?"

ಆ ಸೀಮೆಯ ಜನ 'ಸಿಕ್ಕಿತು' ಎನ್ನುವ ಕಡೆಯೂ 'ಹುಡುಕಿದೆ' ಎಂದೇ ಹೇಳುತ್ತಾರೆ. ಬೀಗದಕೈ ಹುಡುಕಿದೆ, ಹುಡುಕಿದೆ, ಹುಡುಕಲೇ ಇಲ್ಲ ಎಂದರೆ ಸಿಗಲೇ ಇಲ್ಲವೆಂದು ಅಲ್ಲಿ ಕೂಸಿಗೂ ಅರ್ಥವಾಗುತ್ತದೆ. ಎವೇಲಿಯೊ ದೂರದ ಪುಯೆಬ್ಲಾದವನು. ಇಷ್ಟು ವರ್ಷ ಸಂಸಾರ ಮಾಡಿದರೂ ಅವನ ಕಿವಿ ಪಳಗಿರಲಿಲ್ಲ, ಈ ಒಂದು ಮಾತಿಗೆ ಮನೆಯಲ್ಲಿ ನೂರು ಜಗಳವಾಗಿತ್ತು. ಆ ದಿನ ಮಾತ್ರ ನೆಲ್ಮಿ ತಿರುಗಿ ಬೀಳಲಿಲ್ಲ. 'ಹುಡುಕಲಿಲ್ಲ' ಎಂದದ್ದು ಅವಳ ಊರಿನ ಮಾತಿನಲ್ಲಿ ಸುಳ್ಳು, ಅವನ ಊರಿನ ಮಾತಿನಲ್ಲಿ ಅಪ್ಪಟ ನಿಜ.

ಪುಸ್ತಕ ತೊಲಗಿದರೆ ಗಂಡ ತನ್ನ ಕಡೆ ಹೊರಳುತ್ತಾನೆಂದು ಅವಳು ಎಣಿಸಿದ್ದಳು. ಅವನು ಹೊರಳಿದ್ದು ಗೋಡೆಯ ಕಡೆಗೆ. ಸೂತಕದ ಮನೆಯವನಂತೆ ಮಾತಿಲ್ಲ, ಕತೆಯಿಲ್ಲ. ಪುಟ ತಿರುವುವ ಸದ್ದಾದರೂ ಇದ್ದಾಗಲೇ ವಾಸಿಯಿತ್ತು ಎನಿಸಿತು. ಅಂಥದ್ದೇನಿದೆ ಆ ಮಾಯಾಂಗನೆಯಲ್ಲಿ, ನೋಡಿಯೇ ಬಿಡೋಣವೆಂದು ಒಂದು ಬೆಳಗ್ಗೆ ಚೀಲ ಬಿಚ್ಚಿದಳು.

ಮೊದಮೊದಲು ಅಕ್ಷರಗಳು ಬೆರಳಿಗೆ ಸಿಕ್ಕಷ್ಟು ಬಾಯಿಗೆ ಸಿಗಲಿಲ್ಲ. ತುಟಿಯಾಡಿಸುತ್ತಾ, ಸಾಲಿನ ಕೆಳಗೆ ಉಗುರಿಡುತ್ತಾ ಓದಿದಳು. ಅಂಪಾರೊ ಮೀನುಗಾರನ ಮಗಳು. ಅವಳಿಗೆ ಗಂಡ ಬೇಡ, ಚಿನ್ನ ಬೇಡ, ತನ್ನದೇ ಒಂದು ದೋಣಿ ಬೇಕು. ಎಂಥ ಸೊಕ್ಕು ಎಂದುಕೊಂಡಳು ನೆಲ್ಮಿ, ಪುಟ ತಿರುವಿದಳು. ಕಾಲ್ಬೆರಳಿನಿಂದ ಗೋಡೆಯನ್ನು ಒಂದಿಷ್ಟು ಒತ್ತಿದರೆ ಸಾಕು, ಜೋಲಿ ತೂಗುತ್ತಿತ್ತು. ದೋಣಿಯಲ್ಲಿ ಕೂತಿರುವುದು ಅಂಪಾರೊಳೋ ತಾನೋ ತಿಳಿಯುತ್ತಿರಲಿಲ್ಲ. ಸೊಂಟನೋವು, ಒಲೆ, ಚಾರಿಯ ನಾಲಿಗೆ, ಎಲ್ಲ ನೆಲದ ಮೇಲೆ ಉಳಿದಿರುತ್ತಿದ್ದವು. ಪುಸ್ತಕ ಅವಳ ಮೂಗಿನ ಮೇಲೂ ಬಿತ್ತು. ಒಂದು ಸೋಮವಾರ ಹಂದಿಮಾಂಸದ ಜೊತೆ ಬೇಯಲಿಟ್ಟ ಕರಿಕಾಳು ತಳ ಹತ್ತಿ ವಾಸನೆ ಬರುವವರೆಗೂ ಅವಳಿಗೆ ಎಚ್ಚರವಾಗಲಿಲ್ಲ.

ಅದೇ ಸೋಮವಾರ ಅಂಗಡಿಯಲ್ಲಿ ಕರೆಂಟ್ ಹೋಗಿ ಎವೇಲಿಯೊ ಬೇಗ ಬಂದ. ಅಡುಗೆಮನೆಯಲ್ಲಿ ಹೊಗೆ, ಜೋಲಿಯಲ್ಲಿ ಹೆಂಡತಿ, ಅವಳ ಎದೆಯ ಮೇಲೆ ಪುಸ್ತಕ. ನೆಲ್ಮಿ ಧಡಕ್ಕನೆ ಎದ್ದು ಕೂತಳು. ನಾಲಿಗೆಗೆ ಬಂದದ್ದು ಒಂದೇ ಮಾತು.

"ಹುಡುಕಿದೆ!"

ಸಿಕ್ಕಿತು ಎಂದು ಅವಳು ಹೇಳಿದ್ದು. ಅವನಿಗೆ ಕೇಳಿಸಿದ್ದೇ ಬೇರೆ.

"ಹುಡುಕಿದ್ಯಾ?" ಅವನ ದನಿ ಮೆತ್ತಗಾಯಿತು. "ನಾನು ಅವತ್ತು ಹಾಗೆ ಬೈದ್ರೂ? ನನಗೋಸ್ಕರ ಮನೆಯೆಲ್ಲ ಹುಡುಕಿದ್ಯಾ?"

ಅವನು ಬಂದು ಅವಳ ತಲೆ ನೇವರಿಸಿದ. ಸೀದ ಅಡುಗೆಯ ಮಾತನ್ನೇ ಎತ್ತಲಿಲ್ಲ. ಎಷ್ಟೋ ದಿನದಿಂದ ನೆಲ್ಮಿ ಕಾದಿದ್ದ ಕೈ ಅದು, ಬಂದದ್ದು ಅಂಪಾರೊಳ ಪುಣ್ಯದಿಂದ. ಅವಳಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು.

"ಓದಿದ್ಯಾ? ಎಲ್ಲಿಗೆ ಬಂದೆ?" ಅವನು ಪಕ್ಕದಲ್ಲಿ ಉರುಳಿಕೊಂಡ. "ಬಿರುಗಾಳಿ ದಾಟಿತಾ? ನಾನು ಅಲ್ಲೀವರೆಗೇ ಓದಿದ್ದು."

"ದಾಟಿತು."

"ಆಮೇಲೆ? ಹೇಳೇ ಮಾರಾಯ್ತಿ!"

ಓದಿದರೇ ಸ್ವಾರಸ್ಯ ಎಂದವನು ಈಗ ಅವಳ ಬಾಯಿಯನ್ನೇ ನೋಡುತ್ತಿದ್ದ. ಪುಸ್ತಕದಲ್ಲಿ ಅಂಪಾರೊ ದೋಣಿಯ ಹಗ್ಗ ಬಿಚ್ಚಿ, ಹಾಡುತ್ತಾ ಹುಟ್ಟು ಹಾಕುತ್ತಿದ್ದಳು.

"ಸತ್ತೋದ್ಲು," ಎಂದಳು ನೆಲ್ಮಿ.

"ಏನು?"

"ಜ್ವರ ಬಂತು, ಸತ್ತೋದ್ಲು."

"ಅಂಥ ಗಟ್ಟಿಗಿತ್ತಿ, ಬರೀ ಜ್ವರಕ್ಕೆ?"

"ಗಟ್ಟಿಗಿತ್ತೀರಿಗೆ ಜ್ವರ ಬರಲ್ವಾ?"

ಎವೇಲಿಯೊ ಕನ್ನಡಕ ತೆಗೆದ. ಅತ್ತೆ ಸತ್ತಾಗ ಹನಿ ಕಣ್ಣೀರು ಹಾಕದ ಗಂಡಸು ಅತ್ತುಬಿಟ್ಟ. ಅವನ ಬಿಕ್ಕಿಗೆ ಜೋಲಿ ಅಲುಗಿತು, ಅದರ ಜೊತೆ ನೆಲ್ಮಿಯೂ.

"ಪಾಪ ಕಣೇ," ಎಂದ, "ಅವಳು ಕೇಳಿದ್ದು ಒಂದೇ ಒಂದು ದೋಣಿ."

ನೆಲ್ಮಿಗೆ ತಡೆಯಲಾಗಲಿಲ್ಲ. "ಅವಳಿಗೇನು ಬೇಕು ಅಂತ ಬಾಯಿಪಾಠ ಮಾಡಿದೀಯ. ನನಗೇನು ಬೇಕು? ಗೊತ್ತಾ ನಿನಗೆ?"

ಅವನು ಕಣ್ಣೊರೆಸಿಕೊಂಡು ಅವಳನ್ನೇ ನೋಡಿದ. ತಮಾಷೆ ಮಾಡಲಿಲ್ಲ, ಗೊತ್ತಿರುವವನಂತೆ ನಟಿಸಲೂ ಇಲ್ಲ.

"ಇಲ್ಲ, ಗೊತ್ತಿಲ್ಲ," ಎಂದ. "ಹೇಳು. ಏನು ಬೇಕು ನಿನಗೆ?"

ನೆಲ್ಮಿ ಬಾಯಿ ತೆರೆದಳು. ಹೊಸ ಒಲೆ ಎನ್ನಲೇ? ಒಲೆ ಯಾರಿಗೆ ಬೇಕು. ನೀನು ಬೇಕು ಎನ್ನಲೇ? ಅವನು ಇಲ್ಲೇ ಇದ್ದ, ಮುಖಕ್ಕೆ ಮುಖ ಕೊಟ್ಟು ಕಾಯುತ್ತಿದ್ದ. ಅಂಪಾರೊಳನ್ನು ಅರ್ಧ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ತಡವರಿಸದೆ ಹೇಳಿರುತ್ತಿದ್ದಳು. ತಾನೇ ಕೊಂದವಳ ಮೇಲೆ ನೆಲ್ಮಿಗೆ ಮತ್ತೆ ಹೊಟ್ಟೆ ಉರಿಯಿತು.